ಇಪ್ಪತ್ತು ಲಕ್ಷದಲ್ಲಿ ಒಂದು

ಸತ್ತ ಪಿಕ್ಸೆಲ್ ಕಾಣಬೇಕಾದರೆ ಪರದೆ ಪೂರ್ತಿ ಬೆಳ್ಳಗಿರಬೇಕು. ಹೂವು, ಬೆಟ್ಟ, ಸಮುದ್ರ ತುಂಬಿದ ಚಿತ್ರದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಎಲೆಯ ನೆರಳಲ್ಲೋ ಬಂಡೆಯ ಸಂದಿಯಲ್ಲೋ ಸೇರಿಕೊಂಡುಬಿಡುತ್ತದೆ. ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ತೆರೆದುಕೊಳ್ಳುವುದು ಅಂಥ ಚಿತ್ರದ ಮೇಲೆಯೇ. ಪೆಟ್ಟಿಗೆ ಬಿಚ್ಚಿ, ಚಾರ್ಜರ್ ಸಿಕ್ಕಿಸಿ, ಹೆಸರು ನೋಂದಾಯಿಸಿ, ಬಿಲ್ಲು ಕೈಗಿಡುವವರೆಗೆ ಎಲ್ಲವೂ ಸೊಗಸಾಗಿರುತ್ತದೆ. ಮನೆಗೆ ತಂದು ಒಂದು ಖಾಲಿ ಹಾಳೆ ತೆರೆದಾಗ ಅದು ಎದ್ದು ಕಾಣುತ್ತದೆ. ಮೊದಲು ಧೂಳು ಅಂದುಕೊಂಡು ಊದುತ್ತೇವೆ. ಆಮೇಲೆ ಪಂಚೆಯ ಚುಂಗಿನಿಂದ ಒರೆಸುತ್ತೇವೆ. ಕದಲದಿದ್ದಾಗ ಕನ್ನಡಕ ತೆಗೆದು ಹತ್ತಿರ ಹೋಗುತ್ತೇವೆ.

ನಮ್ಮ ಮನೆಗೆ ಬಂದ ಲ್ಯಾಪ್‌ಟಾಪಿನಲ್ಲಿ ಕೆಟ್ಟ ಚುಕ್ಕೆಗಳು ಎರಡಿದ್ದವು, ಒಂದು ಕಪ್ಪು, ಒಂದು ಹಸಿರು. ಮಗಳು ಮಂಡ್ಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆ. ನಮ್ಮೂರು ಬಸರಾಳಿನಿಂದ ಮಂಡ್ಯಕ್ಕೆ 25 ಕಿ.ಮೀ. ಆಸುಪಾಸು, ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಎರಡನೇ ವರ್ಷಕ್ಕೆ ಬಂದಾಗ ನಕ್ಷೆ ಬಿಡಿಸುವುದೆಲ್ಲ ಕಂಪ್ಯೂಟರಿನಲ್ಲೇ ಆಗಬೇಕೆಂದರು. ನನ್ನ ಪೆನ್ಶನ್ನಿನಲ್ಲಿ ಉಳಿಸಿದ್ದಿಷ್ಟು, ಮನೆಯಾಕೆ ಡೇರಿಯ ಬಟವಾಡೆಯಲ್ಲಿ ಕೂಡಿಟ್ಟಿದ್ದಿಷ್ಟು ಸೇರಿಸಿ ನೂರಡಿ ರಸ್ತೆಯ ಅಂಗಡಿಯೊಂದರಲ್ಲಿ ತಂದೆವು. ಐವತ್ತು ಸಾವಿರ ರೂಪಾಯಿಯ ಹತ್ತಿರ. ನಮ್ಮ ಮನೆಯಲ್ಲಿ ಅಷ್ಟು ಬೆಲೆಯ ವಸ್ತುವೆಂದರೆ ಹಸು ಮಾತ್ರ.

ಕಪ್ಪು ಚುಕ್ಕೆ ಕಂಡದ್ದು ನನಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಲೆ ನಮ್ಮೂರ ಮಲ್ಲಿಕಾರ್ಜುನ ದೇವಸ್ಥಾನದ ಗೋಡೆಯ ಕೆತ್ತನೆಗಳ ಫೋಟೊ ತೆಗೆಯುವುದನ್ನು ಹಚ್ಚಿಕೊಂಡಿದ್ದೇನೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಂಡನಾಯಕ 1234ರಲ್ಲಿ ಕಟ್ಟಿಸಿದ ಗುಡಿ ಅದು. ಬೇಲೂರು ಹಳೇಬೀಡಿಗೆ ಹೋಗುವ ಜನದಲ್ಲಿ ನೂರಕ್ಕೊಬ್ಬರೂ ಇತ್ತ ಬರುವುದಿಲ್ಲ, ಬಂದವರು ಬೇಗ ಹೋಗುವುದಿಲ್ಲ. ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ತೋಳಿನ ಶಿವ, ಇಪ್ಪತ್ತೆರಡು ತೋಳಿನ ದುರ್ಗೆ, ಕೈಲಾಸ ಎತ್ತುವ ರಾವಣ ಎಲ್ಲ ಅಲ್ಲಿದ್ದಾರೆ. ನನಗೆ ಎಲ್ಲಕ್ಕಿಂತ ಇಷ್ಟ ಮತ್ಸ್ಯಯಂತ್ರದ ಕೆತ್ತನೆ. ಅರ್ಜುನ ಮೀನಿಗೆ ಬಾಣ ಹೂಡಿದ್ದಾನೆ, ದ್ರೌಪದಿ ಹಾರ ಹಿಡಿದು ಧಾವಿಸಿ ಬರುತ್ತಿದ್ದಾಳೆ. ಆಕೆಯ ಆತುರವನ್ನು ಕಲ್ಲಿನಲ್ಲಿ ಹಿಡಿದಿದ್ದಾನಲ್ಲ ಶಿಲ್ಪಿ, ಅವನಿಗೆ ಸಾವಿರ ಶರಣು ಅನ್ನಬೇಕು. ಆ ಫೋಟೊವನ್ನು ಮಗಳ ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಿದ್ದಾಗ, ಮೇಲಿನ ಬಿಳಿ ಆಕಾಶದಲ್ಲಿ ಒಂದು ಕರಿ ಚುಕ್ಕೆ. ಫೋಟೊ ಸರಿಸಿದೆ. ಆಕಾಶ ಸರಿಯಿತು, ಅರ್ಜುನ ಸರಿದ, ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು. ಚಿತ್ರದ್ದಲ್ಲ, ಪರದೆಯದು ಎಂದು ಆಗ ಖಾತ್ರಿಯಾಯಿತು. ನಡುಮಧ್ಯದಿಂದ ಎರಡು ಬೆರಳು ಬಲಕ್ಕೆ.

ಹಸಿರು ಚುಕ್ಕೆ ಕಂಡದ್ದು ಮಗಳಿಗೆ. ಅವಳು ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ ಹಿನ್ನೆಲೆ ಕಪ್ಪು, ಗೆರೆಗಳೆಲ್ಲ ಬಣ್ಣದವು. ಎಡಗಡೆ ಕೆಳಮೂಲೆಯಲ್ಲಿ ಹಸಿರು ಬಿಂದುವೊಂದು ಉಳಿದುಬಿಟ್ಟಿದೆ, ಎಲ್ಲೋ ಕೈತಪ್ಪಿ ಕ್ಲಿಕ್ ಆಗಿದೆ ಅಂದುಕೊಂಡು ಅವಳು ಅದನ್ನು ಆರಿಸಿ ಅಳಿಸಲು ಹೋಗಿದ್ದಾಳೆ. ಆರಿಸಲಿಕ್ಕೇ ಸಿಗುತ್ತಿಲ್ಲ. ಸುತ್ತ ಚೌಕ ಎಳೆದು ಹಿಡಿಯಲು ನೋಡಿದ್ದಾಳೆ, ಪದರಗಳನ್ನು ಒಂದೊಂದಾಗಿ ಮುಚ್ಚಿ ನೋಡಿದ್ದಾಳೆ. ನಕ್ಷೆಯಲ್ಲೇ ಇಲ್ಲದ ಬಿಂದುವನ್ನು ನಕ್ಷೆಯಿಂದ ಅಳಿಸುವುದು ಹೇಗೆ? "ಅಪ್ಪಾ, ಇದು ನಂದಲ್ಲ" ಅಂದಳು ಕೊನೆಗೆ.

ಶಾಲೆಯ ಪ್ರಯೋಗಾಲಯದಲ್ಲಿ ಬಳಸುತ್ತಿದ್ದಂಥ ಒಂದು ಮಸೂರ ನನ್ನ ಹತ್ತಿರ ಇದೆ. ಪರದೆಯ ಬಿಳಿಯ ಮೇಲೆ ಅದನ್ನು ಹಿಡಿದರೆ ಬಿಳಿ ಅನ್ನುವುದೇ ಇಲ್ಲ. ಕೆಂಪು, ಹಸಿರು, ನೀಲಿಯ ಸಣ್ಣ ಸಣ್ಣ ಪಟ್ಟಿಗಳು, ಮೂರು ಮೂರರಂತೆ, ಸಾಲು ಹಿಡಿದು ನಿಂತಿವೆ. ಮೂರೂ ಉರಿದರೆ ನಮ್ಮ ಕಣ್ಣು ಅದನ್ನು ಬಿಳಿ ಎನ್ನುತ್ತದೆ. ಕರಿ ಚುಕ್ಕೆ ಇದ್ದ ಕಡೆ ಮೂರು ಪಟ್ಟಿಗಳೂ ಆರಿಹೋಗಿದ್ದವು. ಆಚೆ ಈಚೆಯವು ಉರಿಯುತ್ತಲೇ ಇದ್ದವು. ಮಸೂರವನ್ನು ಮಗಳ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. ಚುಕ್ಕೆಯನ್ನಲ್ಲ, ಸುತ್ತಲಿನದನ್ನು.

ಅದು ನೋಡತಕ್ಕದ್ದೇ. ನಮ್ಮದು 15.6 ಇಂಚಿನ ಪರದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಗುಣಿಸಿದರೆ 20,73,600. ಒಂದೊಂದರಲ್ಲೂ ಮೂರು ಬಣ್ಣ, ಒಂದೊಂದು ಬಣ್ಣಕ್ಕೂ ಒಂದು ಟ್ರಾನ್ಸಿಸ್ಟರ್. ಅಂದರೆ 62 ಲಕ್ಷ ಚಿಲ್ಲರೆ ಸ್ವಿಚ್ಚುಗಳು ಗಾಜಿನ ಮೇಲೆ ಕೂತು, ಕ್ಷಣಕ್ಷಣಕ್ಕೂ ತೆರೆ, ಮುಚ್ಚು ಎಂಬ ಅಪ್ಪಣೆ ಪಡೆಯುತ್ತಿರುತ್ತವೆ. ಒಂದು ಪಿಕ್ಸೆಲ್ಲಿನ ಅಗಲ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಒಂದು ರಾಗಿ ಕಾಳನ್ನು ಪರದೆಯ ಮೇಲಿಟ್ಟರೆ ಅದರ ಅಡಿಯಲ್ಲಿ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಪಿಕ್ಸೆಲ್ ಮುಚ್ಚಿಹೋಗುತ್ತವೆ. ಎರಡು ಗಾಜಿನ ನಡುವಿನ ದ್ರವಸ್ಫಟಿಕದ ಪದರವಂತೂ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು.

ಈ ದ್ರವಸ್ಫಟಿಕದ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನನಗೆ ಉತ್ಸಾಹ ಬರುತ್ತಿತ್ತು, ಈಗಲೂ ಬರುತ್ತದೆ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟೆರಾಲಿಗೆ ಸಂಬಂಧಿಸಿದ ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಗೆ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಗೆ ಮಬ್ಬು ಹರಿದು ತಿಳಿಯಾಯಿತು. ಘನವೂ ಅಲ್ಲದ, ಪೂರ್ತಿ ದ್ರವವೂ ಅಲ್ಲದ ಆ ನಡುವಿನ ಸ್ಥಿತಿಯೇ ಇವತ್ತು ನಮ್ಮ ಎಷ್ಟೋ ಮೊಬೈಲು, ಟಿವಿ, ಲ್ಯಾಪ್‌ಟಾಪುಗಳೊಳಗೆ ಇರುವುದು. ಮಿಕ್ಕ ಕಥೆಯಲ್ಲಿ ನಮ್ಮ ಸೀಮೆಯ ಪಾಲೂ ದೊಡ್ಡದಿದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಭೌತಶಾಸ್ತ್ರದ ಮುಖ್ಯಸ್ಥರಾಗಿ ಬಂದು ದ್ರವಸ್ಫಟಿಕದ ಕೆಲಸ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ಅವರು, ಸದಾಶಿವ, ಸುರೇಶ್ ಮೂವರು ಸೇರಿ 1977ರಲ್ಲಿ ಹೊಸದೊಂದು ಬಗೆಯನ್ನು ಜಗತ್ತಿಗೆ ತೋರಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ಹೀಗೆ ನಡೆದುಕೊಳ್ಳುತ್ತವೆ ಎಂದು ನಂಬಿದ್ದರು. ಇವರು ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕಂಬದಂತೆ ಪೇರಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ಕಂಡುಹಿಡಿದರು. ಮುಂದೆ 1990ರ ದಶಕದಲ್ಲಿ ಜಪಾನಿನಲ್ಲಿ ಅಂಥ ಬಿಲ್ಲೆ ಅಣುಗಳ ತೆಳು ಹಾಳೆ ತಯಾರಿಸಿ ಪರದೆಗೆ ಹಚ್ಚಿದರು. ಪಕ್ಕದಿಂದ ನೋಡಿದರೆ ಕಪ್ಪಾಗುತ್ತಿದ್ದ ಪರದೆಗಳು ಆಮೇಲೆ ಪಕ್ಕದಲ್ಲಿ ಕೂತವರಿಗೂ ಕಾಣತೊಡಗಿದವು. ಮೈಸೂರು ಬೆಂಗಳೂರಿನಲ್ಲಿ ಕೂತು ಯೋಚಿಸಿದವರ ಬುದ್ಧಿ ಲೋಕದ ಪರದೆಗಳಲ್ಲಿ ಸೇರಿದೆ ಎಂದು ಮಕ್ಕಳಿಗೆ ಹೇಳಿದರೆ ಅವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಆದ್ದರಿಂದ ಈ ವಸ್ತುವಿನ ಬಗ್ಗೆ ನನಗೆ ಗೌರವವಿದೆ. 62 ಲಕ್ಷದಲ್ಲಿ ನಾಲ್ಕು ಮಾತ್ರ, ಕರಿ ಚುಕ್ಕೆಯ ಮೂರು ಹಸಿರಿನದೊಂದು, ಕೈಕೊಟ್ಟರೆ ಅದರ ಹಿಂದೆ ಎಂಥ ಕುಶಲ ಕೆಲಸ ನಡೆದಿದೆ ಎಂದು ಬಲ್ಲೆ. ಕಾರ್ಖಾನೆಯಲ್ಲಿ ಗಾಜಿನ ಮೇಲೆ ಕೂತ ಒಂದು ಧೂಳಿನ ಕಣ ಸಾಕು.

ಮಗಳಿಗೆ ವ್ಯತ್ಯಾಸ ತಿಳಿಸಿದೆ. ಸದಾ ಕಪ್ಪಗಿರುವುದು ಸತ್ತದ್ದು: ಅದರ ಟ್ರಾನ್ಸಿಸ್ಟರಿಗೆ ಅಪ್ಪಣೆ ಮುಟ್ಟುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ. ಒಂದೇ ಬಣ್ಣದಲ್ಲಿ ಉರಿಯುತ್ತ ನಿಂತದ್ದು ಸಿಕ್ಕಿಕೊಂಡದ್ದು: ಬಾಗಿಲು ತೆರೆದೇ ಇದೆ, ಮುಚ್ಚುತ್ತಿಲ್ಲ. ಸಿಕ್ಕಿಕೊಂಡದ್ದನ್ನು ಕೆಲವೊಮ್ಮೆ ಬಿಡಿಸಬಹುದು. ಆ ಜಾಗದಲ್ಲಿ ಕೆಂಪು, ಹಸಿರು, ನೀಲಿ, ಕಪ್ಪು, ಬಿಳಿಯನ್ನು ಬಲು ವೇಗವಾಗಿ ಒಂದಾದ ಮೇಲೊಂದು ಮಿನುಗಿಸಿದರೆ ಸ್ವಿಚ್ಚು ಸಡಿಲವಾದರೂ ಆಗಬಹುದು. ಬೆರಳಿಗೆ ಬಟ್ಟೆ ಸುತ್ತಿ ಒತ್ತಿ ಎನ್ನುವವರೂ ಇದ್ದಾರೆ. ಒತ್ತಿ ಪಕ್ಕದ ನಾಲ್ಕನ್ನು ಕೆಡಿಸಿಕೊಂಡವರನ್ನು ನಾನು ಬಲ್ಲೆ, ಹಾಗಾಗಿ ಅದು ಬೇಡವೆಂದೆ. ಮಗಳ ಗೆಳತಿಯೊಬ್ಬಳು ಮಿನುಗಿಸುವ ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟಳು. ರಾತ್ರಿ ಊಟದ ಹೊತ್ತಿಗೆ ಹಚ್ಚಿ ಮಲಗಿದೆವು. ಬೆಳಗ್ಗೆ ಹಸಿರು ಚುಕ್ಕೆ ಹೋಗಿತ್ತು, ಮತ್ತೆ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಕಪ್ಪು ಚುಕ್ಕೆ ಜಗ್ಗಲಿಲ್ಲ. ಸತ್ತದ್ದಕ್ಕೆ ಈ ಮದ್ದು ತಾಗುವುದಿಲ್ಲ, ಪರದೆಯನ್ನೇ ಬದಲಿಸಬೇಕು.

ಅಂಗಡಿಯವರು ನನಗೆ ಪರಿಚಯದವರೇ. ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. "ಒಂದ್ ಚುಕ್ಕಿಗೆ ಬಸರಾಳಿಂದ ಬಂದ್ರಾ ಸಾ? ಅದು ದೃಷ್ಟಿಬೊಟ್ಟು ಇದ್ದಂಗೆ ಅನ್ಕೊಳ್ಳಿ, ಬುಡಿ" ಅಂದರು. ನಾನು ಬಿಡಲಿಲ್ಲ. ಕಂಪನಿಗೆ ಫೋನು ಮಾಡಿಸಿದರು. ಕಂಪನಿಯ ಕಡೆಯಿಂದ ಒಬ್ಬ ಹುಡುಗ ಮನೆಗೇ ಬಂದ. ಸಭ್ಯ ಹುಡುಗ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಪರದೆಯನ್ನು ಐದು ಬಣ್ಣಕ್ಕೆ ತಿರುಗಿಸಿ, ಫೋಟೊ ತೆಗೆದು, ಎಲ್ಲಿಗೋ ಕಳಿಸಿ, ಉತ್ತರ ಬಂದ ಮೇಲೆ ಹೇಳಿದ: "ಸರ್, ಇದು ಡಿಫೆಕ್ಟ್ ಅಲ್ಲ ಸರ್. ಕಪ್ಪು ಐದಾದ್ರೆ ಪ್ಯಾನೆಲ್ ಚೇಂಜ್ ಮಾಡ್ತೀವಿ. ಒಂದೇ ಇರೋದ್ರಿಂದ ನಾರ್ಮಲ್ ಅಂತ ಬರುತ್ತೆ."

"ಐದು ಅಂತ ಯಾರಪ್ಪಾ ಹೇಳಿದ್ದು?" ಎಂದು ಕೇಳಿದೆ.

"ಪಾಲಿಸಿ ಸರ್."

ಅವನ ತಪ್ಪೇನಿದೆ? ಮಜ್ಜಿಗೆ ಕುಡಿದು ಹೋದ. ಆದರೆ ಆ ಐದು ಎಂಬುದು ಎಲ್ಲಿಂದ ಬಂತೆಂದು ನಾನು ಹುಡುಕಿಕೊಂಡು ಹೋದೆ.

2001ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 13406-2 ಎಂಬ ಮಾನಕ ಹೊರಡಿಸಿತು. ಚಪ್ಪಟೆ ಪರದೆಗಳನ್ನು ಅದು ನಾಲ್ಕು ದರ್ಜೆಯಾಗಿ ವಿಂಗಡಿಸಿತು. ಮೊದಲ ದರ್ಜೆಯಲ್ಲಿ ಒಂದು ಚುಕ್ಕೆಯೂ ಕೆಟ್ಟಿರಕೂಡದು. ಎರಡನೇ ದರ್ಜೆಯಲ್ಲಿ ಪ್ರತಿ ಹತ್ತು ಲಕ್ಷ ಪಿಕ್ಸೆಲ್ಲಿಗೆ ಸದಾ ಉರಿಯುವುದು 2, ಸದಾ ಕಪ್ಪಗಿರುವುದು 2, ಮೂರು ಬಣ್ಣಗಳಲ್ಲಿ ಒಂದು ಮಾತ್ರ ಕೆಟ್ಟದ್ದು 5 ಇರಬಹುದು. ನಮ್ಮಂಥ ಪರದೆಗೆ ಲೆಕ್ಕ ಹಾಕಿದರೆ ಕಪ್ಪು ನಾಲ್ಕು ಇದ್ದರೂ ಎರಡನೇ ದರ್ಜೆಯೇ. ತಯಾರಕರು ಹೆಚ್ಚಾಗಿ ಹಿಡಿದದ್ದು ಈ ಎರಡನೇ ದರ್ಜೆಯನ್ನು. 2008ರಲ್ಲಿ ಆ ಮಾನಕ ಹೋಗಿ ಐಎಸ್‌ಒ 9241 ಸರಣಿಯ ಹೊಸ ಭಾಗಗಳು ಬಂದವು, ದರ್ಜೆಗಳು ಉಳಿದವು. ಅದರ ಮೇಲೆ ಒಂದೊಂದು ಕಂಪನಿಯೂ ತನ್ನದೊಂದು ಸಂಖ್ಯೆ ಇಟ್ಟುಕೊಂಡಿದೆ. ದುಬಾರಿ ಮಾನಿಟರುಗಳಿಗೆ, ಉರಿಯುವ ಚುಕ್ಕೆ ಒಂದೇ ಇದ್ದರೂ ಬದಲಿಸಿಕೊಡುತ್ತೇವೆ ಎಂದು ಬರೆದುಕೊಡುವ ಕಂಪನಿಗಳೂ ಇವೆ. ಅಂದಮೇಲೆ ಆಗದ ಕೆಲಸವೇನಲ್ಲ. ಯಾರಿಗೆ ಮಾಡಿಕೊಡುವುದು ಎಂಬುದಷ್ಟೇ.

ಇದನ್ನೆಲ್ಲ ಮನೆಯಲ್ಲಿ ವಿವರಿಸುತ್ತಿದ್ದಾಗ ಮನೆಯಾಕೆ ಹಾಲು ಕರೆದುಕೊಂಡು ಒಳಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ರೀ, ನಮ್ಮ ಹಾಲಲ್ಲಿ ಒಂದು ಪಾಯಿಂಟ್ ಕಮ್ಮಿ ಬಂದ್ರೆ ಅವತ್ತೇ ದುಡ್ಡು ಹಿಡೀತಾರೆ. ಇದಕ್ಕ್ಯಾಕೆ ಹಿಡಿಯಾಕಿಲ್ಲ?" ಅಂದಳು. ಅಷ್ಟೇ ಹೇಳಿ ಕ್ಯಾನು ಎತ್ತಿಕೊಂಡು ಡೇರಿಗೆ ಹೋದಳು.

ನಾನು ಮಾನಕದ ನಂಬರು ಹುಡುಕುತ್ತಿದ್ದೆ. ವಿಷಯದ ಬೇರು ಅವಳಿಗೆ ಸಿಕ್ಕಿತ್ತು.

ನಮ್ಮ ಹೋಬಳಿಯಲ್ಲಿ ಬೆಳಗ್ಗೆ ಸಂಜೆ ಡೇರಿಯ ಮುಂದೆ ನಿಂತವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಫ್ಯಾಟು 3.5 ಬರಬೇಕು, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, 8.5 ಬರಬೇಕು. ಹಾಲು ಸುರಿಯುವ ಮೊದಲು ಸಣ್ಣ ಪಾತ್ರೆಯಲ್ಲಿ ಒಂದಿಷ್ಟು ತೆಗೆದು ಯಂತ್ರಕ್ಕೆ ಕೊಡುತ್ತಾರೆ. ದಶಮಾಂಶದ ಆಚೆಯ ಅಂಕಿ ಯಂತ್ರದ ಮೇಲೆ ಕೆಂಪಗೆ ಮೂಡುತ್ತದೆ. ಹಸುವಿಗೆ ಹಿಂಡಿ ಕಡಿಮೆಯಾಗಿತ್ತೋ, ಮಳೆಗೆ ಹಸಿಹುಲ್ಲು ಹೆಚ್ಚಾಯಿತೋ, ಕರು ಹಾಕಿ ಎಷ್ಟು ತಿಂಗಳಾಯಿತೋ ಯಂತ್ರಕ್ಕೆ ಬೇಡ. "ಡಿಗ್ರಿ ಬಂದಿಲ್ಲ ಕಣಕ್ಕ" ಎಂದರೆ ಮುಗಿಯಿತು. ದರ ಇಳಿಯುತ್ತದೆ, ತೀರಾ ಇಳಿದಿದ್ದರೆ ಹಾಲು ವಾಪಸು. ಕಬ್ಬಿನದೂ ಅದೇ. ಗಾಡಿ ತೂಕಕ್ಕೆ ಹೋದಾಗ ತರಗಿಗೆ ಇಷ್ಟು, ಮಣ್ಣಿಗೆ ಇಷ್ಟು ಎಂದು ಮೊದಲೇ ಕಳೆದುಬಿಡುತ್ತಾರೆ. ಕಬ್ಬು ಹೊಲದಲ್ಲಿ ಬೆಳೆಯುತ್ತದೆ, ಸೋಗೆ ತರಗು ಇಲ್ಲದೆ ಬೆಳೆಯುವುದಿಲ್ಲ, ಇದು ಸ್ವಾಭಾವಿಕ ಎಂದು ರೈತ ಒಂದು ಪಾಲಿಸಿ ಬರೆದುಕೊಂಡು ಹೋಗುವಂತಿಲ್ಲ.

ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಲನ್ನು ಅಳೆಯಲೇಬೇಕು, ಅದು ಮಕ್ಕಳು ಕುಡಿಯುವ ವಸ್ತು. ನನ್ನ ತಕರಾರು ಬೇರೆ. ನಾವು ಮಾರುವಾಗ ಒಂದು ಪಾಯಿಂಟೂ ಬಿಡದ ಲೋಕ, ನಾವು ಕೊಳ್ಳುವಾಗ ಐದರವರೆಗೆ ಸೈರಿಸಿಕೊಳ್ಳಿ ಎನ್ನುತ್ತದೆ. ಸೈರಣೆ ಎಷ್ಟು ಎಂದು ಬರೆಯುವವರು ಯಾವಾಗಲೂ ಅವರೇ. ಮಾರುವಾಗಲೂ ಸಂಖ್ಯೆ ಅವರದು, ಕೊಳ್ಳುವಾಗಲೂ ಸಂಖ್ಯೆ ಅವರದು. ಆ ಎರಡು ಸಂಖ್ಯೆಗಳ ನಡುವೆ ನಮ್ಮ ಬಟವಾಡೆಯ ದುಡ್ಡು ಇದೆ.

ಒಂದು ಚುಕ್ಕೆಯೂ ಇಲ್ಲದ ಪರದೆಯನ್ನು ಮಾತ್ರ ಮಾರಬೇಕೆಂದರೆ ಎಷ್ಟೋ ಪರದೆಗಳನ್ನು ಎಸೆಯಬೇಕಾಗುತ್ತದೆ, ಬೆಲೆ ಏರುತ್ತದೆ ಎನ್ನುತ್ತಾರೆ. ಇದು ನಿಜ. ಎಸೆಯಬೇಕೆಂದು ಯಾರೂ ಕೇಳುತ್ತಿಲ್ಲ. ಚುಕ್ಕೆ ಇರುವುದನ್ನು ಚುಕ್ಕೆ ಇರುವುದೆಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಲಿ. ಬಟ್ಟೆ ಅಂಗಡಿಯಲ್ಲಿ ನೇಯ್ಗೆ ತಪ್ಪಿದ ಸೀರೆಯನ್ನು ಬೇರೆ ಇಟ್ಟು ಬೇರೆ ಬೆಲೆ ಹೇಳುವುದಿಲ್ಲವೇ? ಕೊಳ್ಳುವವರು ಕಣ್ಣು ಬಿಟ್ಟುಕೊಂಡು ಕೊಳ್ಳುತ್ತಾರೆ. ಒಂದೇ ಪೆಟ್ಟಿಗೆ, ಒಂದೇ ಬೆಲೆ, ಒಳಗೆ ನಿಮ್ಮ ಅದೃಷ್ಟಕ್ಕೆ ಒಂದೋ ನಾಲ್ಕೋ ಎಂಬುದು ವ್ಯಾಪಾರವಲ್ಲ.

ಕಾಯಿದೆ ಏನು ಹೇಳುತ್ತದೆ ಎಂದೂ ನೋಡಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಹೊಸದು ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ನಮ್ಮಂಥವರಿಗೆ ಅದರಲ್ಲಿ ದೊಡ್ಡ ಅನುಕೂಲವಿದೆ: ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ಹೇಳಿಕೊಳ್ಳಬಹುದು. ಆದರೆ ದೋಷ ಎಂದರೇನು ಎಂಬಲ್ಲಿ ಒಂದು ತೊಡಕಿದೆ. ಕಾನೂನಿನ ಪ್ರಕಾರವೋ, ಒಪ್ಪಂದದ ಪ್ರಕಾರವೋ, ಮಾರುವವರು ಹೇಳಿಕೊಂಡ ಪ್ರಕಾರವೋ ಇರಬೇಕಾದ ಗುಣಮಟ್ಟದಲ್ಲಿ ಕೊರೆಯಿದ್ದರೆ ಅದು ದೋಷ. ಚುಕ್ಕೆ ಇರುವುದಿಲ್ಲ ಎಂದು ಅವರು ಎಲ್ಲೂ ಹೇಳಿಕೊಂಡಿಲ್ಲ. ಇರಬಹುದು ಎಂದೂ ಪೆಟ್ಟಿಗೆಯ ಮೇಲೆ ಹೇಳಿಲ್ಲ. ಮಧ್ಯದ ಆ ಮೌನದಲ್ಲಿ ನಾವು ನಿಂತಿದ್ದೇವೆ.

ಕಂಪನಿಗೆ ಕಾಗದ ಬರೆದೆ. ಚುಕ್ಕೆಯ ಪಕ್ಕ ಅಳತೆಪಟ್ಟಿ ಹಿಡಿದು ತೆಗೆದ ಫೋಟೊ ಲಗತ್ತಿಸಿ, ಕೇಳಬೇಕಾದ್ದನ್ನು ಕೇಳಿದೆ. ಐದು ಎಂಬ ಸಂಖ್ಯೆಯನ್ನು ದುಡ್ಡು ಕೊಡುವ ಮೊದಲು ಗ್ರಾಹಕನಿಗೆ ಎಲ್ಲಿ ತೋರಿಸುತ್ತೀರಿ? ಪರದೆಯ ಅಂಚಿನಲ್ಲಿರುವ ಚುಕ್ಕೆಗೂ ಕಣ್ಣ ನೇರಕ್ಕೆ ನಡುವಿನಲ್ಲಿರುವ ಚುಕ್ಕೆಗೂ ಒಂದೇ ಲೆಕ್ಕವೇ? ಬಂದ ಉತ್ತರದಲ್ಲಿ ಪಾಲಿಸಿಯ ಅದೇ ಸಾಲುಗಳಿದ್ದವು. ಮೊದಲಿಗೆ ವಿಷಾದ, ಕೊನೆಗೆ ಧನ್ಯವಾದ. ಮತ್ತೆ ಬರೆದಿದ್ದೇನೆ.

ದೇವಸ್ಥಾನಕ್ಕೆ ಹೋದಾಗಲೆಲ್ಲ ಈಗ ಇನ್ನೊಂದು ಯೋಚನೆ ಬರುತ್ತದೆ. ಹೊಯ್ಸಳರ ಕಾಲದ ರೂವಾರಿಗಳು ತಾವು ಮಾಡಿದ ವಿಗ್ರಹದ ಪೀಠದ ಮೇಲೆ ಹೆಸರು ಕೊರೆಯುತ್ತಿದ್ದರು. ನಮ್ಮಿಂದ ದೂರವೇನಿಲ್ಲದ ಸೋಮನಾಥಪುರದಲ್ಲಿ, 1258ರ ಗುಡಿಯಲ್ಲಿ, ಮಲ್ಲಿತಮ್ಮ ಎಂಬ ರೂವಾರಿಯ ಹೆಸರು ಎಷ್ಟೋ ಮೂರ್ತಿಗಳ ಕೆಳಗಿದೆ. ಇದು ನನ್ನ ಕೆಲಸ, ಕೊರೆ ಕಂಡರೆ ನನ್ನನ್ನು ಕೇಳಿ ಎಂದಂತೆ. ಲ್ಯಾಪ್‌ಟಾಪನ್ನು ಮಗುಚಿ ನೋಡಿದೆ. ಅಂಕಿಗಳಿವೆ, ಗೆರೆಗೆರೆ ಚೀಟಿ ಇದೆ. ಯಾವುದೋ ದೂರದ ಊರಿನಲ್ಲಿ ಬಿಳಿ ಕೋಟು ತೊಟ್ಟು ಈ ಪರದೆಯನ್ನು ಬೆಳಗಿಸಿ ನೋಡಿದ ಮನುಷ್ಯ ಒಬ್ಬರು ಇದ್ದೇ ಇರುತ್ತಾರೆ. ಅವರು ಈ ಚುಕ್ಕೆಯನ್ನು ಕಂಡಿರುತ್ತಾರೆ. ಕಂಡು, ಲೆಕ್ಕ ಹಾಕಿ, ಮುಂದಕ್ಕೆ ಕಳಿಸಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ; ಅವರ ಕೈಯಲ್ಲೂ ಒಂದು ಸಂಖ್ಯೆ ಇಟ್ಟಿರುತ್ತಾರೆ.

ಅಭ್ಯಾಸವಾಗುತ್ತದೆ ಎಂದು ಹೇಳಿದವರು ಬಹಳ ಜನ. ಕಣ್ಣಿಗೆ ಅಭ್ಯಾಸವಾಗುವ ಬಗೆ ನಾನು ಮಗಳಲ್ಲಿ ನೋಡಿದೆ. ಒಂದು ಸಂಜೆ ಅವಳ ಹಿಂದೆ ನಿಂತಿದ್ದೆ. ಬಿಳಿ ಹಾಳೆಯ ಮೇಲೆ ವರದಿ ಟೈಪು ಮಾಡುತ್ತಿದ್ದಳು. ಬರೆಯುತ್ತ ಬರೆಯುತ್ತ ಸಾಲು ಆ ಜಾಗಕ್ಕೆ ಬಂದಾಗ ಕೈ ತಾನಾಗಿ ಹಾಳೆಯನ್ನು ಒಂದಿಷ್ಟು ಮೇಲಕ್ಕೆ ಸರಿಸುತ್ತಿತ್ತು. ಮತ್ತೆ ಬರೆಯುತ್ತಿದ್ದಳು, ಮತ್ತೆ ಸರಿಸುತ್ತಿದ್ದಳು. ಕೇಳಿದ್ದಕ್ಕೆ, "ಅದು ಅಲ್ಲೇ ಇರುತ್ತಪ್ಪಾ, ನಾನೇ ಸರ್ಕೊಂಡು ಹೋಗ್ತೀನಿ" ಅಂದಳು, ತಿರುಗಿ ನೋಡದೆ. ನನಗೆ ಸಂಕಟವಾದದ್ದು ಆಗ. ಹತ್ತೊಂಬತ್ತು ವರ್ಷದ ಹುಡುಗಿ, ಮುಂದೆ ಸೇತುವೆ ಕಟ್ಟಬೇಕಾದವಳು, ಬೇರೆಯವರು ಬಿಟ್ಟ ಕೊರೆಯನ್ನು ಬಳಸಿ ನಡೆಯುವುದನ್ನು ಇಷ್ಟು ಬೇಗ ಕಲಿತಳಲ್ಲ ಎಂದು. ಅವಳ ಕೆಲಸದಲ್ಲಿ ಒಂದು ಬಿಂದು ತಪ್ಪಿದರೆ ಗೆರೆ ತಪ್ಪುತ್ತದೆ, ಅಳತೆ ತಪ್ಪುತ್ತದೆ. ಅವಳ ಮೇಷ್ಟ್ರುಗಳು ಐದರವರೆಗೆ ಬಿಡುವುದಿಲ್ಲ, ಬಿಡಲೂಬಾರದು.

ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರ ಲ್ಯಾಪ್‌ಟಾಪ್ ಹಂಚಿದಾಗ ಹಳ್ಳಿಗಳ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂದದ್ದು ಹಾಗೆಯೇ. ಅವುಗಳಲ್ಲೂ ಇಂಥ ಚುಕ್ಕೆಗಳು ಇದ್ದಿರಲೇಬೇಕು, ಲಕ್ಷದ ಲೆಕ್ಕದಲ್ಲಿ ಬಂದ ಸರಕು. ಕೂಲಿ ಮಾಡುವವರ ಮನೆಯ ಹುಡುಗ, ಪುಕ್ಕಟೆ ಸಿಕ್ಕಿದ್ದು ಎಂದುಕೊಂಡವನು, ಚುಕ್ಕೆ ಇದೆ ಬದಲಿಸಿಕೊಡಿ ಎಂದು ಯಾರ ಬಾಗಿಲಿಗೆ ಹೋಗುತ್ತಾನೆ? ತೆರಿಗೆ ಕಟ್ಟಿದ ದುಡ್ಡಿನ ವಸ್ತು ಅದು, ಅವನ ಅಪ್ಪ ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟಿದ್ದು ಎಂದು ಅವನಿಗೆ ಹೇಳುವವರು ಬೇಕು.

ಈ ಸಲ ಪಕ್ಕದ ಮನೆಯ ಹುಡುಗ ಬಿಸಿಎಗೆ ಸೇರಿದ. ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಅವರಪ್ಪ "ಮೇಷ್ಟ್ರೇ, ನೀವೂ ಬನ್ನಿ" ಎಂದು ಕರೆದರು. ಮಗಳು ತನ್ನ ಪೆನ್‌ಡ್ರೈವಿನಲ್ಲಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದು ಚಿತ್ರ ಹಾಕಿಕೊಟ್ಟಳು. ಚಿತ್ರವೆಂದರೆ ಬರೀ ಬಣ್ಣ, ಇನ್ನೇನಿಲ್ಲ. ಅದೇ ನೂರಡಿ ರಸ್ತೆ, ಅದೇ ಅಂಗಡಿ. ಬಿಲ್ಲು ಹಾಕುವ ಮೊದಲು ಇವನ್ನು ಓಡಿಸಿ ನೋಡುತ್ತೇವೆ ಎಂದೆ. ಅಂಗಡಿಯವರು ಒಂದು ಗಳಿಗೆ ನನ್ನ ಮುಖ ನೋಡಿ, ಹುಡುಗನನ್ನು ಕರೆದು ಮೇಲಿನ ಲೈಟು ಆರಿಸಲು ಹೇಳಿದರು. ಮೊದಲು ತೆಗೆದ ಲ್ಯಾಪ್‌ಟಾಪಿನಲ್ಲಿ, ಬಿಳಿಯ ಮೇಲೆ, ಬಲ ಅಂಚಿನ ಹತ್ತಿರ ಒಂದು ಕಪ್ಪು ಚುಕ್ಕೆ ಇತ್ತು. ಮೊದಲು ಕಂಡದ್ದು ಅವರಿಗೇ. ನಾವು ಏನೂ ಹೇಳುವ ಮುಂಚೆ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು ಇನ್ನೊಂದು ಪೆಟ್ಟಿಗೆ ತರಿಸಿದರು. ಅದು ಐದೂ ಬಣ್ಣಕ್ಕೆ ನಿರ್ಮಲವಾಗಿತ್ತು.

"ಆ ಐದು ಬಣ್ಣ ನನ್ನ ಸಿಸ್ಟಮ್ಮಿಗೂ ಹಾಕ್ಕೊಡಿ ಸಾ" ಎಂದು ಕೇಳಿ ಇಳಿಸಿಕೊಂಡರು. ಈಗ ಅಲ್ಲಿ ಯಾರಿಗೇ ಲ್ಯಾಪ್‌ಟಾಪ್ ಕೊಡಲಿ, ಬಿಲ್ಲಿಗೆ ಮೊದಲು ಬಣ್ಣ ಓಡಿಸಿ ತೋರಿಸುತ್ತಾರೆ. ಪಕ್ಕಕ್ಕಿಟ್ಟದ್ದನ್ನು ವಿತರಕರಿಗೆ ವಾಪಸು ಕಳಿಸಿದ್ದಾರಂತೆ. ವಿತರಕರು ಐದಿಲ್ಲ, ಒಂದೇ ಇದೆ, ತೆಗೆದುಕೊಳ್ಳುವುದಿಲ್ಲ ಎಂದಿದ್ದಾರಂತೆ. ಹೋದ ವಾರ ಅಂಗಡಿಯವರು ಫೋನು ಮಾಡಿದ್ದರು, ನಾನು ಕಂಪನಿಗೆ ಬರೆದ ಕಾಗದದ ನಕಲು ಬೇಕೆಂದು. ಕಳಿಸಿಕೊಟ್ಟೆ.